‘ಇಕಿರು’ ನೋಡಿದೆ. ಹೀರೋ ಸತ್ತ ಮೇಲೂ ಇಷ್ಟು ಹೊತ್ತು ಸಿನಿಮಾ ಯಾಕೆ?

ರೀಲು_ಸುತ್ತುವವ · ಭಾನುವಾರ ಬೆಳಿಗ್ಗೆ

ನಿನ್ನೆ ರಾತ್ರಿ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ ‘ಇಕಿರು’ ನೋಡಿದೆ. 1952ರದ್ದು, ಕಪ್ಪು ಬಿಳುಪು, 143 ನಿಮಿಷ. ಅವರದೇ ‘ರಾಶೊಮೊನ್’, ‘ಸೆವೆನ್ ಸಮುರಾಯ್’ ಕಾಲೇಜಿನಲ್ಲೇ ಮುಗಿಸಿದ್ದೆ. ಇದನ್ನು ಮಾತ್ರ ‘ಕ್ಯಾನ್ಸರ್ ಸಿನಿಮಾ’ ಅಂತ ಹತ್ತು ವರ್ಷ ಮುಂದೂಡುತ್ತಾ ಬಂದಿದ್ದೆ. ಕತ್ತಿ ಇಲ್ಲ, ಕುದುರೆ ಇಲ್ಲ, ಒಬ್ಬ ಮುದುಕ ಸಾಯುತ್ತಾನೆ, ಅಷ್ಟೇ ತಾನೇ ಅಂದುಕೊಂಡಿದ್ದೆ.

ನೋಡದವರಿಗೆ ಕಥೆ ಚಿಕ್ಕದಾಗಿ ಹೇಳುತ್ತೇನೆ. ಕಾಂಜಿ ವತನಾಬೆ ಒಂದು ನಗರಸಭೆಯಲ್ಲಿ ನಾಗರಿಕ ವಿಭಾಗದ ಮುಖ್ಯಸ್ಥ. ಮೂವತ್ತು ವರ್ಷ ಹತ್ತಿರ ಹತ್ತಿರ ಒಂದು ದಿನವೂ ರಜೆ ಹಾಕಿಲ್ಲ. ಕೆಲಸವನ್ನೂ ಮಾಡಿಲ್ಲ. ಕಾಗದ ಬರುತ್ತದೆ, ಮೊಹರು ಒತ್ತುತ್ತಾನೆ, ಕಾಗದ ಹೋಗುತ್ತದೆ. ಹೊಟ್ಟೆಯಲ್ಲಿ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಮೊದಲು ಕುಡಿತ, ಪಚಿಂಕೊ ಅನ್ನುವ ಗೋಲಿ ಯಂತ್ರದ ಆಟ, ಕುಣಿತದ ಮನೆ. ಆಮೇಲೆ ಆಫೀಸಿನ ಹುಡುಗಿ ತೊಯೊ ಹಿಂದೆ ಸುತ್ತಾಟ. ಕೊನೆಗೆ, ಕೊಳಚೆ ಗುಂಡಿ ಮುಚ್ಚಿ ಮಕ್ಕಳಿಗೆ ಆಟದ ಜಾಗ ಮಾಡಿಕೊಡಿ ಅಂತ ಹೆಂಗಸರು ಕೊಟ್ಟಿದ್ದ ಒಂದು ಅರ್ಜಿ ನೆನಪಾಗುತ್ತದೆ.

ಇಲ್ಲಿಯವರೆಗೆ ಕಣ್ಣು ಮಿಟುಕಿಸದೆ ನೋಡಿದೆ. ಟೋಪಿ ಹಾಕಿಕೊಂಡು ಜಾಗ ನೋಡಲು ಹೊರಡುತ್ತಾನೆ. ಸರಿ, ಈಗ ಶುರು ಅಂದುಕೊಂಡರೆ, ನಿರೂಪಕ ಬಂದು ಐದು ತಿಂಗಳಾದ ಮೇಲೆ ನಮ್ಮ ನಾಯಕ ಸತ್ತುಹೋದ ಅನ್ನುತ್ತಾನೆ! ಆಮೇಲೆ ಉಳಿದದ್ದೆಲ್ಲ ಸಾವಿನ ಮನೆಯಲ್ಲಿ. ಫೋಟೋ ಮುಂದೆ ಆಫೀಸಿನವರು ಸಾಲಾಗಿ ಕೂತು ಕುಡಿಯುತ್ತಾ ವಾದ ಮಾಡುತ್ತಾರೆ. ಪಾರ್ಕ್ ಕಟ್ಟಿದ್ದು ಯಾರು, ಅವನಿಗೆ ಕಾಯಿಲೆ ಗೊತ್ತಿತ್ತೋ ಇಲ್ಲವೋ. ನಿಜ ಹೇಳುತ್ತೇನೆ, ನಡುವೆ ನಾನು ಒಂದೆರಡು ಸಲ ತೂಕಡಿಸಿದೆ. ಇಷ್ಟು ಚೆಂದದ ನಾಯಕನನ್ನು ಕೊಂದು, ಆ ಕುಡುಕರ ಜೊತೆ ನಮ್ಮನ್ನು ಯಾಕೆ ಕೂರಿಸಿದರು? ಇಷ್ಟಪಟ್ಟವರು ಹೇಳಿ.

ಕಡ್ಲೆಪುರಿ · ಭಾನುವಾರ ಬೆಳಿಗ್ಗೆ

ಸ್ಪಾಯ್ಲರ್ ಇದೆ ಅಂತ ಮೇಲೆ ಹಾಕಿ ಮಾರಾಯ್ರೇ. ತಲೆಬರಹದಲ್ಲೇ ಸಾಯಿಸಿಬಿಟ್ಟಿರಿ.

ರೀಲು_ಸುತ್ತುವವ · ಭಾನುವಾರ ಬೆಳಿಗ್ಗೆ

ಎಪ್ಪತ್ತು ವರ್ಷ ದಾಟಿದ ಸಿನಿಮಾಕ್ಕೆ ಸ್ಪಾಯ್ಲರಾ! ಸಿನಿಮಾದ ಮೊದಲ ಶಾಟೇ ಅವನ ಹೊಟ್ಟೆಯ ಎಕ್ಸ್‌ರೇ. ಈ ಮನುಷ್ಯನಿಗೆ ಕ್ಯಾನ್ಸರ್ ಇದೆ, ಅವನಿಗೆ ಇನ್ನೂ ಗೊತ್ತಿಲ್ಲ ಅಂತ ನಿರೂಪಕನೇ ಹೇಳುತ್ತಾನೆ. ಮುಚ್ಚಿಡುವುದಕ್ಕೆ ಅವರೇ ಏನೂ ಉಳಿಸಿಲ್ಲ.

ತೋಕ್ಯೋ_ಇಡ್ಲಿ · ಭಾನುವಾರ ಮಧ್ಯಾಹ್ನ

ಜಪಾನಿಗೆ ಬಂದು ಒಂಬತ್ತು ವರ್ಷ ಆಯಿತು, ಹಾಗಾಗಿ ಹೆಸರಿನ ಬಗ್ಗೆ ಎರಡು ಮಾತು. ‘ಇಕಿರು’ ಅಂದರೆ ಬದುಕುವುದು. ಕ್ರಿಯಾಪದ. ಜೀವನ ಅನ್ನುವ ನಾಮಪದ ಬೇರೆಯೇ ಇದೆ, ಅದನ್ನು ಇಡಲಿಲ್ಲ. ಜಪಾನಿ ಬರಹದಲ್ಲಿ ‘ಇಕಿರು’ವಿನ ಮೊದಲ ಅಕ್ಷರವೇ, ಓದುವ ದನಿ ಬೇರೆಯಾದರೂ, ಮೇಷ್ಟ್ರು ಅನ್ನುವ ‘ಸೆನ್ಸೆಯ್’ ಪದದಲ್ಲೂ ಬರುತ್ತದೆ, ವಿದ್ಯಾರ್ಥಿ ಅನ್ನುವ ‘ಗಕುಸೆಯ್’ ಪದದಲ್ಲೂ ಬರುತ್ತದೆ. ದಿನಕ್ಕೆ ನೂರು ಸಲ ಕಣ್ಣಿಗೆ ಬೀಳುವ ಅಕ್ಷರ ಅದು. ತುಂಬಾ ಸಾದಾ ಹೆಸರು.

ಇನ್ನೊಂದು ತಮಾಷೆ. ‘ಇಕಿರು’ ಪದದ ಬಾಲದಲ್ಲಿ ನಮ್ಮ ‘ಇರು’ ಕೂತಿದೆ. ಸುಮ್ನೆ ಕಾಕತಾಳೀಯ, ಸಂಬಂಧ ಏನೂ ಇಲ್ಲ. ಆದರೆ ವತನಾಬೆ ಮೂವತ್ತು ವರ್ಷ ಮಾಡಿದ್ದು ‘ಇರು’ ಅಷ್ಟೇ, ಬದುಕಿದ್ದು ಐದು ತಿಂಗಳು.

ಸಾವಿನ ಮನೆಯ ದೃಶ್ಯ ನಿಮಗೆ ವಿಚಿತ್ರ ಅನಿಸಿರಬಹುದು. ಇಲ್ಲಿ ಅದನ್ನು ‘ಒತ್ಸುಯಾ’ ಅನ್ನುತ್ತಾರೆ. ಅಂತ್ಯಕ್ರಿಯೆಯ ಹಿಂದಿನ ರಾತ್ರಿ ಬಂದವರು ಊದುಬತ್ತಿ ಹಚ್ಚುತ್ತಾರೆ, ಆಮೇಲೆ ಊಟ, ಸಾಕೆ ಅನ್ನುವ ಅಕ್ಕಿಯ ಮದ್ಯ. ಸತ್ತವರ ಬಗ್ಗೆ ಮಾತು. ಅಂದರೆ ಕುಡಿಯುವುದು ಅಗೌರವ ಅಲ್ಲ. ಅಗೌರವ ಇರುವುದು ಅವರ ಮಾತಿನಲ್ಲಿ.

ರಿಟೈರ್ಡ್_ಎಫ್‌ಡಿಎ · ಭಾನುವಾರ ಸಂಜೆ

ತೂಕಡಿಸಿದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ. ನೀವು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿಲ್ಲ ಅಂತ ಕಾಣುತ್ತದೆ. ನಾನು 34 ವರ್ಷ ಮಾಡಿದ್ದೇನೆ. ನನಗೆ ಆ ದೃಶ್ಯದಲ್ಲಿ ನಿದ್ದೆ ಬರುವುದು ಹಾಗಿರಲಿ, ಬೆವರು ಬಂದಿತ್ತು.

ಮೊದಲು ಶುರುವಿನ ಒಂದು ಶಾಟ್ ನೋಡಿ. ವತನಾಬೆ ಮೊಹರು ಒರೆಸಲು ಕಾಗದ ಹುಡುಕುತ್ತಾನೆ. ಮೇಜಿನ ಡ್ರಾಯರ್ ತೆಗೆಯುತ್ತಾನೆ. ಒಳಗೆ ಒಂದು ಹಳೇ ಕಟ್ಟು. ಕಚೇರಿ ಕೆಲಸ ಚುರುಕು ಮಾಡುವುದು ಹೇಗೆ ಅಂತ ಬಹಳ ವರ್ಷದ ಹಿಂದೆ ಅವನೇ ಬರೆದ ಯೋಜನೆ. ಅದರ ಹಾಳೆ ಹರಿದು ಮೊಹರು ಒರೆಸಿ ಬುಟ್ಟಿಗೆ ಎಸೆಯುತ್ತಾನೆ. ಮುಖದಲ್ಲಿ ಏನೂ ಇಲ್ಲ. ಇದು ನಿಮಗೆ ಒಂದು ಶಾಟ್, ನನಗೆ ಇಡೀ ಸರ್ವಿಸ್ ರಿಜಿಸ್ಟರ್. ಕೆಲಸಕ್ಕೆ ಸೇರಿದ ವರ್ಷ ಎಲ್ಲರ ಡ್ರಾಯರ್‌ನಲ್ಲೂ ಅಂಥದ್ದೊಂದು ಕಟ್ಟು ಇರುತ್ತದೆ.

ಆಮೇಲೆ ಆ ಹೆಂಗಸರ ಅಲೆದಾಟ. ನಾಗರಿಕ ವಿಭಾಗದಿಂದ ಲೋಕೋಪಯೋಗಿ, ಅಲ್ಲಿಂದ ಉದ್ಯಾನ, ಆರೋಗ್ಯ, ನೈರ್ಮಲ್ಯ, ಒಳಚರಂಡಿ, ರಸ್ತೆ, ಅಗ್ನಿಶಾಮಕ, ಉಪಮೇಯರ್. ಕೊನೆಗೆ ವಾಪಸ್ ಅದೇ ಮೊದಲ ಕಿಟಕಿಗೆ. ಒಬ್ಬೊಬ್ಬ ಗುಮಾಸ್ತ ನೇರ ಕ್ಯಾಮೆರಾ ನೋಡಿ ಮಾತಾಡುತ್ತಾನೆ, ಅಂದರೆ ಅರ್ಜಿ ಹಿಡಿದು ನಿಂತವರು ನಾವೇ. ಒಬ್ಬರೂ ‘ಆಗುವುದಿಲ್ಲ’ ಅನ್ನುವುದಿಲ್ಲ, ಗಮನಿಸಿದಿರಾ? ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಷ್ಟೇ. ಆ ವಾಕ್ಯ ನಾನು ಎಷ್ಟು ಸಲ ಹೇಳಿದ್ದೇನೆ ಅಂತ ಕೇಳಬೇಡಿ.

ನಿಮ್ಮ ಪ್ರಶ್ನೆಗೆ ಉತ್ತರ ನಾಳೆ ಬರೆಯುತ್ತೇನೆ. ಕೈ ನೋವು.

ಲಿವಿಂಗ್_ರೂಮ್ · ಭಾನುವಾರ ರಾತ್ರಿ

ನಾನು ಮೊದಲು ನೋಡಿದ್ದು 2022ರ ‘ಲಿವಿಂಗ್’. ಒಲಿವರ್ ಹರ್ಮನಸ್ ನಿರ್ದೇಶನ, ಬಿಲ್ ನೈ ನಾಯಕ. ಇದೇ ಕಥೆ, 1953ರ ಲಂಡನ್‌ಗೆ ತಂದಿದ್ದಾರೆ. ಚಿತ್ರಕಥೆ ಕಜುವೊ ಇಶಿಗುರೊ ಅವರದು. ನಾಗಾಸಾಕಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದವರು, ಅವರಿಗಿಂತ ಸರಿಯಾದ ಜನ ಸಿಗುತ್ತಿರಲಿಲ್ಲ. ನಟನೆಗೂ ಚಿತ್ರಕಥೆಗೂ ಆಸ್ಕರ್ ನಾಮನಿರ್ದೇಶನ ಬಂತು.

102 ನಿಮಿಷ. ಸಾವಿನ ನಂತರದ ಭಾಗ ಚಿಕ್ಕದಾಗಿ, ನೀಟಾಗಿದೆ. ನನ್ನ ಪ್ರಕಾರ ಅದೇ ಸಾಕು. ಹಳೆಯದು ಅಂದ ಮಾತ್ರಕ್ಕೆ ಎಲ್ಲ ನಿಮಿಷವೂ ಪವಿತ್ರ ಅಲ್ಲ. ವತನಾಬೆ ಪಾತ್ರದ ತಾಕಾಶಿ ಶಿಮುರಾ ಕಣ್ಣು ಅಗಲಿಸಿ ಕೂರುವುದು ನನಗೆ ಸ್ವಲ್ಪ ಜಾಸ್ತಿ ಅನಿಸಿತು. ಬಿಲ್ ನೈ ರೆಪ್ಪೆಯಲ್ಲೇ ಮುಗಿಸುತ್ತಾರೆ.

ಕಡ್ಲೆಪುರಿ · ಭಾನುವಾರ ರಾತ್ರಿ

ಬಂತು ನೋಡಿ ಜಗಳ. ನಾನು ಕೂತೆ.

ನೈಟ್_ಡ್ಯೂಟಿ · ಸೋಮವಾರ ಬೆಳಗಿನ ಜಾವ

ನರ್ಸ್ ಆಗಿ ಒಂದು ವಿಷಯ ಹೇಳಬೇಕು, ಇದನ್ನು ಯಾರೂ ಎತ್ತಲಿಲ್ಲ.

ಆಸ್ಪತ್ರೆಯ ಕಾಯುವ ಕೋಣೆಯ ದೃಶ್ಯ. ಪಕ್ಕ ಕೂತ ಇನ್ನೊಬ್ಬ ರೋಗಿ ಸುಮ್ನೆ ಹರಟೆಗೆ ಅಂತ ಶುರು ಮಾಡುತ್ತಾನೆ. ಡಾಕ್ಟರು ‘ಸಣ್ಣ ಹುಣ್ಣು, ಆಪರೇಷನ್ ಬೇಡ, ಏನು ಬೇಕಾದರೂ ತಿನ್ನಿ’ ಅಂದರೆ ಕಥೆ ಮುಗಿಯಿತು ಅಂತ ತಿಳಿ ಅನ್ನುತ್ತಾನೆ. ವತನಾಬೆ ಮೆಲ್ಲಗೆ ಪಕ್ಕದ ಬೆಂಚಿಗೆ ಸರಿಯುತ್ತಾನೆ. ಈ ಮಹಾನುಭಾವನೂ ಹಿಂದೆಯೇ ಬಂದು ಕೂರುತ್ತಾನೆ! ಆಮೇಲೆ ಒಳಗೆ ಹೋದರೆ ಡಾಕ್ಟರು ಅದನ್ನೇ ಪದಶಃ ಹೇಳುತ್ತಾರೆ. ಸಣ್ಣ ಹುಣ್ಣು. ವತನಾಬೆ ಕೈಯಲ್ಲಿದ್ದ ಕೋಟು ಬಿದ್ದುಹೋಗುತ್ತದೆ. ನಿಜ ಹೇಳಿ ಅಂತ ಬೇಡುತ್ತಾನೆ. ಹೇಳುವುದಿಲ್ಲ.

ಆ ಕಾಲದ ಜಪಾನಿನಲ್ಲಿ ಕ್ಯಾನ್ಸರ್ ಅಂತ ರೋಗಿಗೆ ಹೇಳದಿರುವುದೇ ರೂಢಿ. ನಮ್ಮಲ್ಲಿ ಈಗಲೂ ಏನು ಕಡಿಮೆ? ವಾರಕ್ಕೊಂದು ಸಲವಾದರೂ ಕಾರಿಡಾರ್‌ನಲ್ಲಿ ಒಬ್ಬ ಮಗ ನನ್ನ ಕೈ ಹಿಡಿದು ‘ಸಿಸ್ಟರ್, ಅಪ್ಪನಿಗೆ ಗ್ಯಾಸ್ಟ್ರಿಕ್ ಅಂತ ಹೇಳಿದ್ದೇವೆ, ನೀವೂ ಹಾಗೇ ಹೇಳಿ’ ಅನ್ನುತ್ತಾನೆ. ಒಳಗೆ ಹೋದರೆ ಅಪ್ಪ ನನ್ನ ಮುಖ ನೋಡುತ್ತಾರೆ. ಅವರಿಗೆ ಗೊತ್ತು. ನನಗೆ ಗೊತ್ತು ಅಂತಲೂ ಗೊತ್ತು. ‘ಗ್ಯಾಸ್ಟ್ರಿಕ್ ಅಲ್ವಾ ಸಿಸ್ಟರ್’ ಅಂತ ಅವರೇ ಅಂದುಬಿಡುತ್ತಾರೆ, ನನಗೆ ಕಷ್ಟ ಆಗಬಾರದು ಅಂತ.

ಆಸ್ಪತ್ರೆಯಿಂದ ಹೊರಬಂದು ರಸ್ತೆಯಲ್ಲಿ ನಡೆಯುವಾಗ ಸಿನಿಮಾದಲ್ಲಿ ಸದ್ದೇ ಇಲ್ಲ. ಗಾಡಿ ಓಡುತ್ತಿವೆ, ಸದ್ದಿಲ್ಲ. ಆಮೇಲೆ ಒಮ್ಮೆಗೇ ಒಂದು ಲಾರಿಯ ಅಬ್ಬರ. ವಾರ್ಡಿನಿಂದ ಹೊರಗೆ ಬರುವವರು ಹಾಗೇ ನಡೆಯುತ್ತಾರೆ. ಗೇಟಿನ ಹತ್ತಿರ ಎಷ್ಟೋ ಸಲ ಕೂಗಿ ನಿಲ್ಲಿಸಿದ್ದೇನೆ.

ಶಿಮುರಾ ಕಣ್ಣು ಅಗಲಿಸುವುದು ಜಾಸ್ತಿ ಅಂದವರಿಗೆ: ಒಮ್ಮೆ ಬಂದು ನೋಡಿ. ಹಾಗೇ ಇರುತ್ತದೆ.

ಲಿವಿಂಗ್_ರೂಮ್ · ಸೋಮವಾರ ಬೆಳಿಗ್ಗೆ

ಸರಿ, ಕಣ್ಣಿನ ಮಾತು ವಾಪಸ್. ನಿಮಿಷದ ಮಾತು ವಾಪಸ್ ಇಲ್ಲ.

ಹಾರ್ಮೋನಿಯಂ_ಮಾಸ್ಟರ್ · ಸೋಮವಾರ ಬೆಳಿಗ್ಗೆ

ಹಾಡಿನ ಬಗ್ಗೆ ಯಾರೂ ಬರೆಯದೆ ಹೇಗೆ ಬಿಟ್ಟಿರಿ? ಅದು ‘ಗೊಂಡೋಲಾ ನೊ ಉತಾ’. 1915ರ ಜನಪ್ರಿಯ ಹಾಡು. ಸಾಹಿತ್ಯ ಇಸಾಮು ಯೊಶಿಯಿ, ಸಂಗೀತ ಶಿಂಪೆಯ್ ನಕಾಯಾಮಾ. ಬದುಕು ಚಿಕ್ಕದು, ತುಟಿಯ ಕೆಂಪು ಆರುವ ಮುಂಚೆ ಪ್ರೀತಿಸು ಹುಡುಗಿ ಅಂತ ಅರ್ಥ. ಅಂದರೆ ವತನಾಬೆಯ ಹರೆಯದ ಕಾಲದ ಪ್ರೇಮಗೀತೆ.

ಸಿನಿಮಾದಲ್ಲಿ ಎರಡು ಸಲ ಹಾಡುತ್ತಾನೆ. ಮೊದಲ ಸಲ ಬಾರಿನಲ್ಲಿ. ಪಿಯಾನೊದವನು ಯಾರಿಗೆ ಯಾವ ಹಾಡು ಬೇಕು ಅಂತ ಕೇಳುತ್ತಾನೆ. ಇವನು ಇದನ್ನು ಕೇಳುತ್ತಾನೆ. ಜೋಡಿಗಳು ಕುಣಿಯಲು ಶುರು ಮಾಡುತ್ತವೆ. ಇವನು ಕೂತಲ್ಲೇ ಹಾಡುತ್ತಾನೆ, ತುಟಿ ಅಲ್ಲಾಡಿದ್ದೂ ಕಾಣದಷ್ಟು. ಗಂಟಲಿನಿಂದ ಬರುವ ಗೊಗ್ಗರು ದನಿ. ಒಂದೊಂದೇ ಜೋಡಿ ನಿಲ್ಲುತ್ತದೆ. ಪಕ್ಕದಲ್ಲಿದ್ದ ಹುಡುಗಿ ಸರಿದು ಕೂರುತ್ತಾಳೆ. ಎರಡನೇ ಸಲ ಕೊನೆಯಲ್ಲಿ, ಹಿಮ ಬೀಳುವಾಗ ಪಾರ್ಕಿನ ಉಯ್ಯಾಲೆಯ ಮೇಲೆ. ಸ್ವರ ಅದೇ, ದನಿ ಅದೇ. ಆದರೆ ಮೊದಲ ಸಲ ಅಳುತ್ತಿದ್ದ. ಎರಡನೇ ಸಲ ಸಂತೋಷದಿಂದ ಹಾಡುತ್ತಿದ್ದ, ಅದಕ್ಕೇ ಕುಡುಕ ಅಂದುಕೊಂಡೆ ಅಂತ ಪೊಲೀಸಿನವನು ಬಂದು ಹೇಳುತ್ತಾನೆ.

ಹಿನ್ನೆಲೆ ಸಂಗೀತ ಫುಮಿಯೊ ಹಯಸಾಕಾ ಅವರದು. ‘ರಾಶೊಮೊನ್’, ‘ಸೆವೆನ್ ಸಮುರಾಯ್’ಗೂ ಅವರೇ. ಕ್ಷಯದಿಂದ 1955ರಲ್ಲಿ ಹೋದರು. 41 ವರ್ಷ. ಬದುಕು ಚಿಕ್ಕದು ಅನ್ನುವ ಹಾಡಿನ ಸುತ್ತ ಕೆಲಸ ಮಾಡಿದವರು.

‘ಲಿವಿಂಗ್’ನಲ್ಲಿ ಇದರ ಜಾಗಕ್ಕೆ ಒಂದು ಸ್ಕಾಟಿಷ್ ಹಾಡು ಹಾಕಿದ್ದಾರೆ. ಬಿಲ್ ನೈ ಚೆನ್ನಾಗಿಯೇ ಹಾಡುತ್ತಾರೆ. ಅದೇ ತೊಂದರೆ.

ತೋಕ್ಯೋ_ಇಡ್ಲಿ · ಸೋಮವಾರ ಮಧ್ಯಾಹ್ನ

ತೊಯೊ ಬಗ್ಗೆಯೂ ಸ್ವಲ್ಪ ಹೇಳಿ. ಆಫೀಸಿನಲ್ಲಿ ಎಲ್ಲರಿಗೂ ಅಡ್ಡಹೆಸರು ಇಟ್ಟವಳು ಅವಳು. ವತನಾಬೆಗೆ ಇಟ್ಟದ್ದು ‘ಮಮ್ಮಿ’. ಈಜಿಪ್ಟಿನ ಮಮ್ಮಿ, ಅಮ್ಮ ಅಲ್ಲ. ನನ್ನ ಮಗ ಅಮ್ಮ ಅಂತಲೇ ತಿಳಿದು ಆ ದೃಶ್ಯದಲ್ಲಿ ಪೂರಾ ಗೊಂದಲ ಆಗಿದ್ದ.

ಆ ಕೆಲಸ ಬಿಟ್ಟು ಅವಳು ಆಟಿಕೆ ಕಾರ್ಖಾನೆಗೆ ಸೇರುತ್ತಾಳೆ. ಕೀಲಿ ಕೊಟ್ಟರೆ ಕುಪ್ಪಳಿಸುವ ಮೊಲ ಮಾಡುತ್ತಾಳೆ. ಇದನ್ನು ಮಾಡುವಾಗ ಜಪಾನಿನ ಮಕ್ಕಳೆಲ್ಲ ನನ್ನ ಗೆಳೆಯರು ಅನಿಸುತ್ತದೆ ಅಂತ ಹೇಳಿ ಹೋಟೆಲ್ ಮೇಜಿನ ಮೇಲೆ ಮೊಲ ಬಿಡುತ್ತಾಳೆ. ವತನಾಬೆ ಆ ಮೊಲ ಹಿಡಿದು ಮೆಟ್ಟಿಲು ಇಳಿದು ಓಡುತ್ತಾನೆ. ಅದೇ ಹೊತ್ತಿಗೆ ಮೇಲೆ ಯಾವುದೋ ಹುಡುಗಿಯ ಹುಟ್ಟುಹಬ್ಬ. ಅವಳ ಗೆಳೆಯರು ಮೆಟ್ಟಿಲ ಮೇಲಿಂದ ‘ಹ್ಯಾಪಿ ಬರ್ತ್‌ಡೇ’ ಹಾಡುತ್ತಾರೆ. ಹಾಡು ಅವಳಿಗೆ. ಕ್ಯಾಮೆರಾ ಇವನ ಮೇಲೆ.

ಸ್ವಲ್ಪ ಢಾಳಾಗಿದೆ, ಒಪ್ಪುತ್ತೇನೆ. ಪ್ರತಿ ಸಲವೂ ಅಳು ಬರುತ್ತದೆ, ಅದನ್ನೂ ಒಪ್ಪುತ್ತೇನೆ.

ತೊಯೊಗೆ ವತನಾಬೆಯನ್ನು ಕಂಡರೆ ಆಗ ಹೆದರಿಕೆ, ಅಸಹ್ಯ. ಅವಳು ಅವನನ್ನು ಉದ್ಧಾರ ಮಾಡಲು ಬಂದ ದೇವತೆ ಏನಲ್ಲ. ಸಾವಿನ ಮನೆಗೂ ಬರುವುದಿಲ್ಲ. ನನಗೆ ಅದು ಬಹಳ ಹಿಡಿಸಿತು.

ರಿಟೈರ್ಡ್_ಎಫ್‌ಡಿಎ · ಸೋಮವಾರ ಸಂಜೆ

ಈಗ ಉತ್ತರ.

ಕುರೊಸಾವಾ, ಶಿನೊಬು ಹಶಿಮೊಟೊ, ಹಿಡೆಯೊ ಒಗುನಿ ಮೂವರೂ ಸೇರಿ ಬರೆದ ಕಥೆ ಇದು. ಪ್ರೇರಣೆ ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ಇವಾನ್ ಇಲಿಚ್‌ನ ಸಾವಿನ ಕಥೆ. ಅದು ಶುರುವಾಗುವುದೇ ಸಾವಿನ ಸುದ್ದಿಯಿಂದ. ಸಹೋದ್ಯೋಗಿಗಳು ಪತ್ರಿಕೆಯಲ್ಲಿ ಓದುತ್ತಾರೆ. ಮೊದಲು ತಲೆಗೆ ಬರುವುದು, ಅವನ ಹುದ್ದೆ ಯಾರಿಗೆ, ನಮಗೆ ಬಡ್ತಿ ಸಿಗಬಹುದೇ ಅಂತ. ಸತ್ತವನು ನಾನಲ್ಲವಲ್ಲ ಅಂತ ಒಳಗೊಳಗೇ ನೆಮ್ಮದಿ. ಜಪಾನಿನವರು ಆ ಕೂಟವನ್ನು ಕಥೆಯ ಆ ತುದಿಯಿಂದ ಕಿತ್ತು ಈ ತುದಿಗೆ ತಂದು, ನಾಲ್ಕು ಪಟ್ಟು ಹಿಗ್ಗಿಸಿ ಕೂರಿಸಿದ್ದಾರೆ.

ಯಾಕೆ? ಕಚೇರಿಯಲ್ಲಿ ಒಂದು ಕೆಲಸ ಆದ ಮೇಲೆ ಅದನ್ನು ಮಾಡಿದವನು ಯಾರು ಅನ್ನುವುದೇ ಮುಂದಿನ ಕಡತ. ಉಪಮೇಯರ್ ಮೊದಲು ಶುರು ಮಾಡುತ್ತಾನೆ. ಉದ್ಯಾನ ವಿಭಾಗದ ಕೆಲಸ, ಎಲ್ಲರ ಸಹಕಾರ ಅಂತ. ಅಷ್ಟರಲ್ಲಿ ಆ ಬಡಾವಣೆಯ ಹೆಂಗಸರು ಬರುತ್ತಾರೆ. ಒಂದು ಮಾತಿಲ್ಲ. ಊದುಬತ್ತಿ ಇಟ್ಟು ಅತ್ತು ಹೋಗುತ್ತಾರೆ. ಉಪಮೇಯರ್ ಗಂಟಲು ಸರಿಮಾಡಿಕೊಂಡು ಎದ್ದು ಹೋಗುತ್ತಾನೆ. ಆಮೇಲೆ ಉಳಿದವರ ನಾಲಿಗೆ ಬಿಚ್ಚುತ್ತದೆ.

ವತನಾಬೆ ಏನು ಮಾಡಿದ ಅಂತ ನೋಡಿ. ಕಾನೂನು ಮುರಿಯಲಿಲ್ಲ, ಭಾಷಣ ಮಾಡಲಿಲ್ಲ. ಒಂದೊಂದು ವಿಭಾಗದ ಮುಂದೆ ಹೋಗಿ ಬಗ್ಗಿ ನಿಂತ. ಸಹಿ ಆಗುವವರೆಗೆ ಕದಲಲಿಲ್ಲ. ಅಷ್ಟೇ! ನಮ್ಮ ಭಾಷೆಯಲ್ಲಿ ‘ಕಡತದ ಹಿಂದೆ ಹೋಗುವುದು’ ಅನ್ನುತ್ತೇವೆ. ತನ್ನ ಕಡತದ ಹಿಂದೆ ಎಲ್ಲರೂ ಹೋಗುತ್ತಾರೆ. ಇವನು ಬೇರೆಯವರ ಕಡತದ ಹಿಂದೆ ಹೋದ. ಆ ಜಾಗದ ಮೇಲೆ ಕಣ್ಣಿಟ್ಟ ರೌಡಿಗಳು ಕಾರಿಡಾರ್‌ನಲ್ಲಿ ಹಿಡಿದು, ಜೀವದ ಆಸೆ ಇಲ್ಲವಾ ಅಂತ ಕೇಳಿದರೆ ಅವನು ಮುಗುಳ್ನಗುತ್ತಾನೆ. ಸಿನಿಮಾದಲ್ಲಿ ನಾನು ಜೋರಾಗಿ ನಕ್ಕ ಜಾಗ ಅದೊಂದೇ.

ಇದನ್ನೆಲ್ಲ ನೇರವಾಗಿ ತೋರಿಸಿದ್ದರೆ ಅವನೊಬ್ಬ ಹೀರೋ ಆಗುತ್ತಿದ್ದ, ನಾವು ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಿದ್ದೆವು. ಇಲ್ಲಿ ಅವನನ್ನು ನೋಡುತ್ತಿರುವುದು ಆಗ ಅವನಿಗೆ ಸಹಾಯ ಮಾಡದ ಜನ. ನನ್ನಂಥವರು. ಕುಡಿದ ಅಮಲಿನಲ್ಲಿ ಒಬ್ಬೊಬ್ಬರಿಗೇ ತಲೆಗೆ ಹೊಳೆಯುತ್ತದೆ. ಕೊನೆಗೆ ನಾವೂ ಹಾಗೇ ಕೆಲಸ ಮಾಡೋಣ ಅಂತ ಅತ್ತು ಪ್ರಮಾಣ ಮಾಡುತ್ತಾರೆ. ಮರುದಿನ ಕಚೇರಿ. ಹೊಸ ಅರ್ಜಿ ಬರುತ್ತದೆ. ವತನಾಬೆಯ ಕುರ್ಚಿಯಲ್ಲಿ ಕೂತ ಒನೊ, ಲೋಕೋಪಯೋಗಿಗೆ ಕಳಿಸಿ ಅನ್ನುತ್ತಾನೆ. ಕಿಮುರಾ ಅನ್ನುವ ಕಿರಿಯ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಲ್ಲುತ್ತಾನೆ. ಎಲ್ಲರೂ ಅವನನ್ನೇ ನೋಡುತ್ತಾರೆ. ಮೆಲ್ಲಗೆ ಕೂರುತ್ತಾನೆ. ಕಾಗದದ ಗುಡ್ಡೆಯ ಹಿಂದೆ ಅವನ ತಲೆ ಮುಳುಗಿಹೋಗುತ್ತದೆ.

ನಾನು ಇದನ್ನು ಮೊದಲು ನೋಡಿದ್ದು ಎಂಬತ್ತರ ದಶಕದಲ್ಲಿ, ಒಂದು ಫಿಲ್ಮ್ ಸೊಸೈಟಿಯಲ್ಲಿ, 16 ಎಂಎಂ ಪ್ರೊಜೆಕ್ಟರ್. ನಡುವೆ ಕರೆಂಟ್ ಹೋಗಿತ್ತು. ಅವತ್ತು ರಾತ್ರಿ ಇಬ್ಬರು ಸಹೋದ್ಯೋಗಿಗಳ ಜೊತೆ ಟೀ ಅಂಗಡಿಯಲ್ಲಿ ನಿಂತು ನಾವೂ ಪ್ರಮಾಣ ಮಾಡಿದ್ದೆವು. ಬರೀ ಟೀ ಕುಡಿದು.

ರೀಲು_ಸುತ್ತುವವ · ಮಂಗಳವಾರ ರಾತ್ರಿ

ಸರ್, ನಿಮ್ಮದು ಓದಿ ಆ ಭಾಗ ಮಾತ್ರ ಮತ್ತೆ ಹಾಕಿ ನೋಡಿದೆ. ಈ ಸಲ ತೂಕಡಿಸಲಿಲ್ಲ.

ಮೊದಲ ಸಲ ಕಾಣದೇ ಹೋದದ್ದು ಒಂದಿದೆ, ಟೋಪಿ. ಕುಡಿದು ಅಲೆದ ರಾತ್ರಿ ಅವನ ಹಳೇ ಟೋಪಿಯನ್ನು ಬೀದಿಯಲ್ಲಿ ಒಬ್ಬಳು ಕಿತ್ತುಕೊಂಡು ಹೋಗುತ್ತಾಳೆ. ಹೊಸದು ಕೊಳ್ಳುತ್ತಾನೆ, ಅವನ ಮುಖಕ್ಕೆ ಚೂರೂ ಹೊಂದದ ಶೋಕಿ ಟೋಪಿ. ಸಾವಿನ ಮನೆಗೆ ಪೊಲೀಸಿನವನು ಪಾರ್ಕಿನಲ್ಲಿ ಸಿಕ್ಕಿತು ಅಂತ ತಂದುಕೊಡುವುದು ಅದೇ ಟೋಪಿ, ಮಣ್ಣು ಮೆತ್ತಿಕೊಂಡು. ಅಷ್ಟು ಹೊತ್ತು ಅಪ್ಪ ಯಾರೋ ಹೆಂಗಸಿನ ಹಿಂದೆ ಬಿದ್ದಿದ್ದ ಅಂತಲೇ ತಿಳಿದಿದ್ದ ಮಗ ಅದನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾನೆ.

ಉಯ್ಯಾಲೆಯ ಶಾಟ್ ಕೂಡ. ಪೋಸ್ಟರ್‌ಗಳಲ್ಲಿ ನೋಡಿ ನೋಡಿ ಸವೆದಿದೆ ಅಂದುಕೊಂಡಿದ್ದೆ. ಸಿನಿಮಾದಲ್ಲಿ ಕ್ಯಾಮೆರಾ ಮಕ್ಕಳು ಹತ್ತುವ ಕಬ್ಬಿಣದ ಚೌಕಟ್ಟಿನ ಆಚೆಯಿಂದ ಸರಿಯುತ್ತದೆ. ಒಂದೊಂದು ಚೌಕದೊಳಗೆ ಅವನು ಬಂದು ಹೋಗುತ್ತಾನೆ.

ಲಿವಿಂಗ್_ರೂಮ್ · ಮಂಗಳವಾರ ರಾತ್ರಿ

ನಾನೂ ಮತ್ತೆ ನೋಡಿದೆ, ಒಪ್ಪುವುದಕ್ಕಲ್ಲ. ಆಗಲೂ ಹತ್ತು ನಿಮಿಷ ಕತ್ತರಿಸಬಹುದು ಅಂತಲೇ ಹೇಳುತ್ತೇನೆ. ಆದರೆ ‘ಲಿವಿಂಗ್’ನಲ್ಲಿ ಕಿರಿಯ ಗುಮಾಸ್ತನಿಗೆ ನಾಯಕ ಒಂದು ಪತ್ರ ಬರೆದಿಟ್ಟು ಹೋಗುತ್ತಾನೆ. ‘ಇಕಿರು’ವಿನ ಕಿಮುರಾಗೆ ಪತ್ರವೂ ಇಲ್ಲ, ಏನೂ ಇಲ್ಲ. ಸುಮ್ನೆ ಸೇತುವೆ ಮೇಲೆ ನಿಂತು ಮಕ್ಕಳು ಆಡುವುದನ್ನು ನೋಡಿ ಹೋಗುತ್ತಾನೆ. ಅದು ಮಾತ್ರ ಇಲ್ಲಿಯೇ ಮೇಲು.

ನೈಟ್_ಡ್ಯೂಟಿ · ಬುಧವಾರ ಬೆಳಗಿನ ಜಾವ

ಎಫ್‌ಡಿಎ ಸರ್, ಟೀ ಅಂಗಡಿಯ ಪ್ರಮಾಣ ಏನಾಯಿತು?

ರಿಟೈರ್ಡ್_ಎಫ್‌ಡಿಎ · ಬುಧವಾರ ಸಂಜೆ

ಕೇಳುತ್ತೀರಿ ಅಂತ ಗೊತ್ತಿತ್ತು.

ಆ ಮಳೆಗಾಲದಲ್ಲೇ ಒಂದು ಅರ್ಜಿ ಬಂತು. ಹಳ್ಳದ ಆಚೆ ಹದಿನಾರೋ ಹದಿನೇಳೋ ಮನೆ. ಶಾಲೆ ಈಚೆ ದಡದಲ್ಲಿ. ಕಾಲುಸಂಕ ಬೇಕು ಅಂತ ಕೇಳಿದ್ದರು. ಪ್ರತಿ ವರ್ಷ ಅಡಿಕೆ ಮರ ಅಡ್ಡ ಹಾಕಿಕೊಳ್ಳುತ್ತಿದ್ದರು, ಜುಲೈನಲ್ಲಿ ತೇಲಿಹೋಗುತ್ತಿತ್ತು. ಮೂವರು ಹೆಂಗಸರು ತಂದಿದ್ದರು. ಒಬ್ಬರ ಸೆರಗಿನಿಂದ ನನ್ನ ಮೇಜಿನ ಮೇಲೆ ನೀರು ತೊಟ್ಟಿಕ್ಕಿ ಅರ್ಜಿಯ ಶಾಯಿ ಹರಡಿತ್ತು. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಎದ್ದು ನಿಲ್ಲಲೂ ಇಲ್ಲ. ಕಿಮುರಾ ಅಷ್ಟಾದರೂ ಮಾಡಿದ. ‘ಮುಂದಿನ ಕ್ರಮಕ್ಕಾಗಿ’ ಅಂತ ಬರೆದು ಬೇರೆ ಇಲಾಖೆಗೆ ಟಪ್ಪಾಲಿಗೆ ಹಾಕಿದೆ. ನಾಲ್ಕು ತಿಂಗಳಿಗೆ ವಾಪಸ್ ಬಂತು. ಇನ್ನೊಂದು ಕಡೆ ಕಳಿಸಿದೆ. ಅಷ್ಟರಲ್ಲಿ ನನಗೆ ವರ್ಗ ಆಯಿತು.

ನಿವೃತ್ತಿ ಆದ ಮೇಲೆ ಒಂದು ಮದುವೆಗೆ ಆ ಕಡೆ ಹೋದೆ. ಬಸ್ ಕಾಯುವಾಗ ನೋಡಿದರೆ ಕಾಂಕ್ರೀಟ್ ಸಂಕ ಇದೆ. ಯಾರು ಮಾಡಿಸಿದ್ದು ಅಂತ ಅಲ್ಲಿನ ಅಂಗಡಿಯವನನ್ನು ಕೇಳಿದೆ. ಅವನು ಒಂದು ಹೆಸರು ಹೇಳಿದ. ಟೀ ಕುಡಿಯುತ್ತಿದ್ದವನು ಅವರಲ್ಲ ಅಂತ ಇನ್ನೊಂದು ಹೇಳಿದ. ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಮುದುಕ ಇಬ್ಬರನ್ನೂ ಬೈದು ಮೂರನೆಯದು ಹೇಳಿದ. ಹತ್ತು ನಿಮಿಷ ಜಗಳ ನಡೆಯಿತು. ಆ ಕಡತ ಒಂದು ಕಾಲದಲ್ಲಿ ನನ್ನ ಮೇಜಿನ ಮೇಲಿತ್ತು ಅಂತ ನಾನು ಹೇಳಲಿಲ್ಲ.

ನೈಟ್_ಡ್ಯೂಟಿ · ಬುಧವಾರ ರಾತ್ರಿ

ಸಂಕ ದಾಟಿ ನೋಡಿದಿರಾ ಸರ್?

ರಿಟೈರ್ಡ್_ಎಫ್‌ಡಿಎ · ಗುರುವಾರ ಬೆಳಿಗ್ಗೆ

ದಾಟಿದೆ. ಆಚೆ ಹೋಗಿ ವಾಪಸ್ ಬಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು.